ಮೃಗಾಲಯದಲ್ಲಿ ನಮ್ಮ ಗುಡ್ಡದ ಕರಡಿಯನ್ನು ನೋಡಿ ಬನ್ನಿ

ಮಕ್ಕಳೇ, ರಾಯದುರ್ಗ, ಮಡಕಶಿರಾ ಕಡೆಯಿಂದ ಈ ಸಲ ಮೈಸೂರಿಗೋ ಬನ್ನೇರುಘಟ್ಟಕ್ಕೋ ಪ್ರವಾಸ ಹೊರಡುವವರು ಬಸ್ಸು ಹತ್ತುವ ಮುಂಚೆ ಈ ಅಜ್ಜನ ಮಾತು ಕೇಳಿಸಿಕೊಳ್ಳಿ. ಮೊದಲನೆಯದು, ಮಂಗಳವಾರ ಎರಡು ಕಡೆಯೂ ರಜ. ಮೇಷ್ಟ್ರಿಗೆ ಈಗಲೇ ನೆನಪು ಮಾಡಿ.

ಮೈಸೂರಿನ ಮೃಗಾಲಯ ಹತ್ತನೆಯ ಚಾಮರಾಜ ಒಡೆಯರ ಕಾಲದ್ದು, 1892ರಲ್ಲಿ ಶುರುವಾಯಿತು. ಅರಮನೆಯವರ ಆಸೆಗೆ ಹುಟ್ಟಿದ ಜಾಗಕ್ಕೆ ಇವತ್ತು ದೊಡ್ಡ ಹೊಣೆಯಿದೆ, ಅಳಿಯುತ್ತಿರುವ ಪ್ರಾಣಿಗಳನ್ನು ಉಳಿಸುವುದು. ಅರೇಬಿಯಾದ ಓರಿಕ್ಸ್ ಎಂಬ ಬಿಳಿ ಜಿಂಕೆ 1972ರ ಹೊತ್ತಿಗೆ ಮರಳುಗಾಡಿನಿಂದ ಅಳಿದೇಹೋಗಿತ್ತು. ಮೃಗಾಲಯಗಳಲ್ಲಿ ಸಾಕಿದ ಹಿಂಡು ಇದ್ದದ್ದರಿಂದ 1982ರಲ್ಲಿ ಒಮಾನ್ ದೇಶದಲ್ಲಿ ಅದನ್ನು ಮತ್ತೆ ಬಯಲಿಗೆ ಬಿಡಲಾಯಿತು. ನಮ್ಮ ಚೀತಾಕ್ಕೆ ಆ ಪುಣ್ಯವಿರಲಿಲ್ಲ. 1952ರಲ್ಲಿ ದೇಶದಿಂದ ಅಳಿಯಿತೆಂದು ಸರ್ಕಾರವೇ ಸಾರಿತು. 2022ರಲ್ಲಿ ನಮೀಬಿಯಾದಿಂದ ತರಬೇಕಾಯಿತು.

ಆನೆ, ಜಿರಾಫೆಯ ಮುಂದೆ ಎಲ್ಲರೂ ನಿಲ್ಲುತ್ತಾರೆ. ನೀವು ಕರಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲಿ. ನಮ್ಮ ಬಂಡೆಗುಡ್ಡಗಳ ಪ್ರಾಣಿ ಅದು. ಉದ್ದ ಉಗುರು ನೋಡಿ, ಹುತ್ತ ಒಡೆಯಲು. ಮೇಲಿನ ಸಾಲಿನ ನಡುವೆ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಹೀರುತ್ತದೆ. ಮೂಗು ಬಲು ಚುರುಕು, ಕಣ್ಣು ಮಂದ. ಆದ್ದರಿಂದಲೇ ಹತ್ತಿರಕ್ಕೆ ಬರುವ ತನಕ ಅದಕ್ಕೆ ನಾವು ಕಾಣುವುದಿಲ್ಲ, ಕಂಡಕೂಡಲೇ ಗಾಬರಿಯಾಗಿ ಮೇಲೆ ಬೀಳುತ್ತದೆ. ಇಷ್ಟು ಅರ್ಥವಾದರೆ ಸೀತಾಫಲಕ್ಕೆ ಗುಡ್ಡ ಹತ್ತುವಾಗ, ನಸುಕಿನಲ್ಲಿ ಹೊಲಕ್ಕೆ ಹೋಗುವಾಗ ಒಬ್ಬರೇ ಹೋಗುವುದಿಲ್ಲ, ಮಾತಾಡುತ್ತಾ ಗುಂಪಾಗಿ ಹೋಗುತ್ತೀರಿ.

ಬನ್ನೇರುಘಟ್ಟದಲ್ಲಿ ಕರಡಿಗಳ ರಕ್ಷಣಾ ಕೇಂದ್ರವೂ ಇದೆ. ಮೂಗು ಚುಚ್ಚಿ ಹಗ್ಗ ಪೋಣಿಸಿ ಬೀದಿಯಲ್ಲಿ ಕುಣಿಸುತ್ತಿದ್ದ ಕರಡಿಗಳನ್ನು ಬಿಡಿಸಿ ತಂದು ಅಲ್ಲಿ ಸಾಕುತ್ತಾರೆ. ಮನುಷ್ಯರ ಕೈಯಲ್ಲಿ ಬೆಳೆದದ್ದು ಮತ್ತೆ ಕಾಡಿನಲ್ಲಿ ಬದುಕಲಾರದು. ಅದಕ್ಕೇ ಗುಡ್ಡದಲ್ಲಿ ಒಂಟಿ ಮರಿ ಕಂಡರೆ ಮುಟ್ಟಬೇಡಿ. ತಾಯಿ ಮೇವಿಗೆ ಹೋಗಿರುತ್ತದೆ. ಬಂದು ಕೂಸುಮರಿ ಮಾಡಿಕೊಂಡು ಕರೆದೊಯ್ಯುತ್ತದೆ. ದೂರ ಸರಿದು ಅರಣ್ಯ ಇಲಾಖೆಯವರಿಗೆ ತಿಳಿಸಿ.

ಮೃಗಾಲಯದಲ್ಲಿ ತಿಂಡಿ ಎಸೆಯುವುದು, ಕೂಗಿ ಕೆಣಕುವುದು ಕಾನೂನಿನಲ್ಲೇ ತಪ್ಪು. ಪ್ರತಿ ಆವರಣದ ಫಲಕ ಓದಿ. ಪ್ರಾಣಿ ಎಲ್ಲಿಯದು, ಏನು ತಿನ್ನುತ್ತದೆ ಎಂದು ಬರೆದುಕೊಳ್ಳಿ. ಕೃಷ್ಣಮೃಗ ಇಷ್ಟವಾದರೆ ಮಡಕಶಿರಾದ ಮಗ್ಗುಲಲ್ಲೇ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಅವು ಬೇಲಿಯಿಲ್ಲದೆ ಓಡುವುದನ್ನೂ ಒಮ್ಮೆ ನೋಡಿ.

ಊರಿಗೆ ಕರಡಿ ಬಂದಾಗಲೆಲ್ಲ ದೊಡ್ಡವರು, "ಹಿಡಿದು ಮೃಗಾಲಯಕ್ಕೆ ಹಾಕಲಿ" ಅನ್ನುತ್ತೇವೆ. ಎಷ್ಟನ್ನು ಹಾಕಲಾದೀತು? ಗುಡ್ಡದಲ್ಲಿ ಹಣ್ಣು, ನೀರು, ಹುತ್ತ ಉಳಿದರೆ ಅದು ಊರಿಗೇಕೆ ಬಂದೀತು? ಪ್ರವಾಸದಿಂದ ಬಂದವರು ಮನೆಯಲ್ಲಿ ಇದನ್ನೇ ಹೇಳಿ: ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಇಡಬೇಡಿ. ನೀವು ಹೇಳಿದರೆ ನಿಮ್ಮ ಅಪ್ಪಂದಿರು ಕೇಳುತ್ತಾರೆ.