ಬಡತನ: ಅರ್ಥ ಮತ್ತು ಕಾರಣಗಳು

ಬೆಂಗಳೂರಿನ ದಂಡುಪ್ರದೇಶದ ಅಂಚನ್ನು ದಾಟಿ ಈಶಾನ್ಯಕ್ಕೆ ನಡೆದರೆ ಕಮ್ಮನಹಳ್ಳಿ ಸಿಗುತ್ತದೆ. ಹೆಸರೇ ಹೇಳುವಂತೆ ಅದು ಹಿಂದೊಮ್ಮೆ ಹಳ್ಳಿ. ಇಂದು ಅದರ ಮುಖ್ಯರಸ್ತೆಯ ಎರಡು ಬದಿಗಳಲ್ಲಿಯೂ ಬಟ್ಟೆಯಂಗಡಿಗಳೂ ಉಪಾಹಾರಗೃಹಗಳೂ ಸಾಲುಗಟ್ಟಿ ನಿಂತಿವೆ. ಹಳೆಯ ಮನೆಗಳಿದ್ದೆಡೆ ನಾಲ್ಕೈದು ಅಂತಸ್ತಿನ ಕಟ್ಟಡಗಳು ಏಳುತ್ತಿವೆ. ನಗರದ ಇಂಥ ಬಡಾವಣೆಗಳಲ್ಲಿ ಕಟ್ಟಡದ ಮಗ್ಗುಲಲ್ಲಿಯೇ ತಗಡಿನ ಶೆಡ್ಡನ್ನೋ, ಖಾಲಿ ನಿವೇಶನದಲ್ಲಿ ನೀಲಿ ಟಾರ್ಪಾಲಿನ ಗುಡಿಸಲನ್ನೋ ಹಾಕಿಕೊಂಡು ವಾಸಿಸುವ ಕೆಲಸಗಾರರನ್ನು ಕಾಣಬಹುದು. ಅವರಲ್ಲಿ ಅನೇಕರು ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳಿಂದ ಬಂದವರು. ಇಂಥ ಬೀಡುಗಳು ಉಪಗ್ರಹದ ಚಿತ್ರಗಳಲ್ಲಿ ನೀಲಿಯಾಗಿ ತೋರುತ್ತವೆ. ಬೆಂಗಳೂರಿನ ಕೊಳೆಗೇರಿಗಳನ್ನು ಅಭ್ಯಸಿಸಿದ ಅನಿರುದ್ಧ ಕೃಷ್ಣ ಮತ್ತು ಅವರ ಸಂಗಡಿಗರು ಆ ಬಣ್ಣದ ಗುರುತಿನಿಂದಲೇ ಅವನ್ನು ಪತ್ತೆಹಚ್ಚಿದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬೆಳಗಿನಿಂದ ಸಂಜೆಯವರೆಗೆ ಇಟ್ಟಿಗೆ ಹೊರುವವನು ಸೋಮಾರಿಯಲ್ಲವೆಂಬುದು ಸ್ಪಷ್ಟ. ಹೀಗಿದ್ದೂ ಅವನು ಬಡವನಾಗಿಯೇ ಉಳಿಯುವುದೇಕೆ? ಇದಕ್ಕೆ ಉತ್ತರ ಹುಡುಕುವ ಮೊದಲು ಬಡತನವೆಂದರೇನು ಎಂಬುದನ್ನು ತಿಳಿಯಬೇಕು.

ಬಡತನದ ಅಳತೆ

ಬಡತನವನ್ನು ಅಳೆಯುವ ಸರಳ ಮಾರ್ಗ ಹಸಿವಿನಿಂದ ಹೊರಡುತ್ತದೆ. ವಿ. ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ ಎಂಬ ಅರ್ಥಶಾಸ್ತ್ರಜ್ಞರು 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ಮನುಷ್ಯನಿಗೆ ದಿನಕ್ಕೆ 2,250 ಕ್ಯಾಲೊರಿಗಳಷ್ಟು ಆಹಾರ ದೊರೆಯಬೇಕಾದರೆ ಎಷ್ಟು ವೆಚ್ಚಮಾಡುವ ಶಕ್ತಿಯಿರಬೇಕೆಂದು ಲೆಕ್ಕಹಾಕಿದರು. 1960-61ರ ಬೆಲೆಗಳಲ್ಲಿ ಅದು ತಿಂಗಳಿಗೆ ತಲೆಗೆ ಹಳ್ಳಿಯಲ್ಲಿ 15 ರೂಪಾಯಿ, ಪಟ್ಟಣದಲ್ಲಿ 22 ರೂಪಾಯಿ 50 ಪೈಸೆ. ಇಂಥ ಗೆರೆಯೇ ಬಡತನದ ರೇಖೆ. ಜಗತ್ತಿನ ಎಲ್ಲ ದೇಶಗಳನ್ನೂ ಹೋಲಿಸಲು ವಿಶ್ವಬ್ಯಾಂಕು 2025ರ ಜೂನ್ ತಿಂಗಳಲ್ಲಿ ಈ ರೇಖೆಯನ್ನು ದಿನಕ್ಕೆ 3 ಡಾಲರುಗಳೆಂದು ಗೊತ್ತುಮಾಡಿತು. ಈ ಡಾಲರು ಪೇಟೆಯ ವಿನಿಮಯ ದರದ್ದಲ್ಲ. ಆಯಾ ದೇಶದಲ್ಲಿ ಹಣಕ್ಕಿರುವ ಕೊಳ್ಳುವ ಶಕ್ತಿಯನ್ನು ಸರಿದೂಗಿಸಿ ಲೆಕ್ಕಹಾಕಿದ್ದು.

ಆದರೆ ವರಮಾನವೊಂದೇ ಬಡತನದ ಅಳತೆಯಾಗಲಾರದು. ಸಮಾನ ಆದಾಯವುಳ್ಳ ಎರಡು ಕುಟುಂಬಗಳಲ್ಲಿ ಒಂದಕ್ಕೆ ಶಾಲೆ, ಆಸ್ಪತ್ರೆ, ಕುಡಿಯುವ ನೀರು ಸಮೀಪದಲ್ಲಿದ್ದು, ಇನ್ನೊಂದಕ್ಕೆ ಅವು ಇಲ್ಲದಿದ್ದರೆ ಎರಡನ್ನೂ ಸಮಾನವೆನ್ನಲಾದೀತೆ? ಈ ಕಾರಣದಿಂದ ಆರೋಗ್ಯ, ಶಿಕ್ಷಣ, ಜೀವನಮಟ್ಟ ಎಂಬ ಮೂರು ಮುಖಗಳನ್ನೂ ಅಳೆಯುವ ಬಹುಮುಖ ಬಡತನದ ಸೂಚ್ಯಂಕವು 2010ರಲ್ಲಿ ಬಳಕೆಗೆ ಬಂದಿತು. ನಮ್ಮ ನೀತಿ ಆಯೋಗವು ಇದಕ್ಕಾಗಿ 12 ಅಂಶಗಳನ್ನು ಪರಿಶೀಲಿಸುತ್ತದೆ. ಪ್ರತಿ ಅಂಶಕ್ಕೂ ಒಂದು ತೂಕವುಂಟು. ಒಟ್ಟು ತೂಕದ ಮೂರರಲ್ಲೊಂದು ಪಾಲು ಇಲ್ಲವೆ ಅದಕ್ಕೂ ಹೆಚ್ಚಿನ ಕೊರತೆಯುಳ್ಳ ಕುಟುಂಬವು ಬಡ ಕುಟುಂಬ. ಈ ಲೆಕ್ಕದಂತೆ ಕರ್ನಾಟಕದಲ್ಲಿ ಬಡವರ ಪ್ರಮಾಣ 2015-16ರಲ್ಲಿ ನೂರಕ್ಕೆ 12.77 ಇದ್ದದ್ದು 2019-21ರಲ್ಲಿ 7.58ಕ್ಕೆ ಇಳಿಯಿತು. ಆದರೆ ಸರಾಸರಿಯು ವ್ಯತ್ಯಾಸಗಳನ್ನು ಮುಚ್ಚಿಬಿಡುತ್ತದೆ: ಎರಡು ಬಾರಿಯೂ ರಾಜ್ಯದಲ್ಲಿ ಅತಿ ಹೆಚ್ಚು ಬಡತನವಿದ್ದದ್ದು ಯಾದಗಿರಿ ಜಿಲ್ಲೆಯಲ್ಲಿ.

ನೆಲ ಮತ್ತು ಚರಿತ್ರೆ

ಕಮ್ಮನಹಳ್ಳಿಯ ಕೆಲಸಗಾರನ ಬಡತನದ ಬೇರು, ಆದ್ದರಿಂದ, ಅವನು ಬಿಟ್ಟುಬಂದ ಊರಿನಲ್ಲಿದೆ. ಕೃಷ್ಣಾ ಮತ್ತು ಭೀಮಾ ನದಿಗಳು ಆ ಸೀಮೆಯಲ್ಲಿ ಹರಿದರೂ ಕಾಲುವೆಯ ನೀರು ಎಲ್ಲ ಹೊಲಗಳಿಗೂ ಮುಟ್ಟುವುದಿಲ್ಲ. ಮಳೆಯನ್ನೇ ನಂಬಿದ ಬೇಸಾಯವು ವರ್ಷದಲ್ಲಿ ಕೆಲವೇ ತಿಂಗಳು ಕೆಲಸ ಕೊಡುತ್ತದೆ. ಈ ಪ್ರದೇಶ 1948ರವರೆಗೆ ಹೈದರಾಬಾದಿನ ನಿಜಾಮನ ಆಳ್ವಿಕೆಯಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಶಾಲೆಗಳೂ ಕೈಗಾರಿಕೆಗಳೂ ಇಲ್ಲಿ ತಡವಾಗಿ ಬೇರೂರಿದವು. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ತೋರಿಸಿಕೊಟ್ಟಿತು.

ಊರಿಗಿರುವ ಚರಿತ್ರೆ ದೇಶಕ್ಕೂ ಇದೆ. ಏಷ್ಯಾ ಮತ್ತು ಆಫ್ರಿಕದ ಬಹುಭಾಗ ದೀರ್ಘಕಾಲ ಪರರ ಆಳ್ವಿಕೆಯಲ್ಲಿದ್ದು, ಅಲ್ಲಿನ ಸಂಪತ್ತಿನ ಪಾಲೊಂದು ಹೊರಗೆ ಹರಿದುಹೋಯಿತು. ಭಾರತದ ಮಟ್ಟಿಗೆ ಈ ಸೋರಿಕೆಯನ್ನು ದಾದಾಭಾಯಿ ನವರೋಜಿಯವರು 1901ರ ತಮ್ಮ ಗ್ರಂಥದಲ್ಲಿ ಅಂಕಿಗಳೊಡನೆ ವಿವರಿಸಿದರು. ಮೈಸೂರು ಸಂಸ್ಥಾನವು ಬ್ರಿಟಿಷರಿಗೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಕಪ್ಪ ಸಲ್ಲಿಸುತ್ತಿತ್ತು. ಮುಂದೆ ಅದು 35 ಲಕ್ಷಕ್ಕೆ ಏರಿತು. 1876-78ರ ಮಹಾ ಕ್ಷಾಮದ ಪೆಟ್ಟು ಎಂಥದೆಂಬುದನ್ನು ಜನಗಣತಿ ಹೇಳುತ್ತದೆ: 1871ರಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ, 1881ರಲ್ಲಿ ಸುಮಾರು 41.9 ಲಕ್ಷ.

ಬಡತನದ ಚಕ್ರ

ಬಡತನವು ತನ್ನನ್ನು ತಾನೇ ಮರಳಿ ಹುಟ್ಟಿಸುತ್ತದೆಂಬುದು ಇನ್ನೊಂದು ಮುಖ್ಯ ಸಂಗತಿ. ರಾಗ್ನಾರ್ ನರ್ಕ್ಸೆ ಎಂಬ ಅರ್ಥಶಾಸ್ತ್ರಜ್ಞ 1953ರಲ್ಲಿ ಇದನ್ನು ವಿಷಚಕ್ರವೆಂದು ವರ್ಣಿಸಿದನು. ಆದಾಯ ಕಡಿಮೆಯಾದ್ದರಿಂದ ಉಳಿತಾಯವಿಲ್ಲ, ಉಳಿತಾಯವಿಲ್ಲದ್ದರಿಂದ ಬಂಡವಾಳವಿಲ್ಲ, ಬಂಡವಾಳವಿಲ್ಲದ್ದರಿಂದ ಉತ್ಪಾದನೆ ಹೆಚ್ಚದು, ಉತ್ಪಾದನೆ ಹೆಚ್ಚದಿರುವುದರಿಂದ ಆದಾಯ ಮತ್ತೆ ಕಡಿಮೆ.

ಒಂದು ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಿಕೊಳ್ಳೋಣ. ಕೆಲಸಗಾರನೊಬ್ಬನ ದಿನಗೂಲಿ 600 ರೂಪಾಯಿ, ತಿಂಗಳಿಗೆ 20 ದಿನ ಕೆಲಸ ಎಂದಿಟ್ಟುಕೊಳ್ಳಿ. ಆದಾಯ 12,000 ರೂಪಾಯಿ. ಅವನು ಕಾಯಿಲೆಯಿಂದ 10 ದಿನ ಮಲಗಿದರೆ 6,000 ರೂಪಾಯಿ ಕೂಲಿ ಹೋಯಿತು. ಚಿಕಿತ್ಸೆಗೆ 6,000 ರೂಪಾಯಿ ಬೇಕಾಯಿತು. ಕೈಯಲ್ಲಿ ಉಳಿತಾಯವಿಲ್ಲ. ಆದ್ದರಿಂದ ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿಯಂತೆ 12,000 ರೂಪಾಯಿ ಸಾಲ ತರುತ್ತಾನೆ. ಬಡ್ಡಿಯೇ ತಿಂಗಳಿಗೆ 600 ರೂಪಾಯಿ, ಅಂದರೆ ಒಂದು ಇಡೀ ದಿನದ ದುಡಿಮೆ. ಬಡ್ಡಿಯನ್ನಷ್ಟೇ ಕಟ್ಟುತ್ತ ಹೋದರೆ 20 ತಿಂಗಳಲ್ಲಿ ಸಾಲದಷ್ಟೇ ಹಣ ತೆತ್ತಿರುತ್ತಾನೆ; ಅಸಲು ಮಾತ್ರ ಒಂದು ಪೈಸೆಯೂ ಇಳಿದಿರುವುದಿಲ್ಲ. ಮಗನನ್ನು ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚುವ ಯೋಚನೆ ಹುಟ್ಟುವುದು ಇಂಥ ಸಮಯದಲ್ಲಿಯೇ. ಹೀಗೆ ತಂದೆಯ ಕಾಯಿಲೆ ಮಗನ ಬಡತನವಾಗುತ್ತದೆ.

ಇದು ಬೆಂಗಳೂರಿಗೆ ಮಾತ್ರ ಸೇರಿದ ಮಾತಲ್ಲ. ಮೇಲೆ ಹೇಳಿದ ಅನಿರುದ್ಧ ಕೃಷ್ಣ ಅವರು ಭಾರತದ ಹಲವು ಪ್ರಾಂತಗಳಲ್ಲಿಯೂ ಕೆನ್ಯಾ, ಉಗಾಂಡ, ಪೆರು ದೇಶಗಳಲ್ಲಿಯೂ ಸಾವಿರಾರು ಕುಟುಂಬಗಳ ಕಥೆಯನ್ನು ಸಂಗ್ರಹಿಸಿದಾಗ, ಇದ್ದವರು ಇಲ್ಲದವರಾಗಲು ಮುಖ್ಯ ಕಾರಣಗಳಲ್ಲೊಂದು ಕಾಯಿಲೆ ಮತ್ತು ಅದರ ವೆಚ್ಚವೆಂದು ಕಂಡುಬಂದಿತು. ಸಮಾಜದ ಏರ್ಪಾಡೂ ಈ ಚಕ್ರವನ್ನು ಬಿಗಿಯಾಗಿಸುತ್ತದೆ. ತಲೆತಲಾಂತರದಿಂದ ಭೂಮಿಯಿಂದಲೂ ವಿದ್ಯೆಯಿಂದಲೂ ದೂರವಿಡಲ್ಪಟ್ಟ ಜಾತಿಗಳವರಿಗೆ ಒತ್ತೆಯಿಡಲು ಆಸ್ತಿಯಿಲ್ಲ, ಆದ್ದರಿಂದ ಕಡಿಮೆ ಬಡ್ಡಿಯ ಸಾಲವೂ ಇಲ್ಲ.

ಚಕ್ರವನ್ನು ಕಡಿಯುವ ಬಗೆ

ಚಕ್ರಕ್ಕೆ ಆದಿಯಿಲ್ಲದಿದ್ದರೂ ಅದನ್ನು ಕಡಿಯಬಹುದಾದ ಸ್ಥಳಗಳುಂಟು. 2002ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹವು ಮಧ್ಯಾಹ್ನದ ಊಟವನ್ನು ಶಾಲೆಯಲ್ಲಿಯೇ ಬಡಿಸಿ, ಹಸಿವು ಮತ್ತು ಅವಿದ್ಯೆ ಎರಡನ್ನೂ ಒಂದೇ ಕಡೆ ಎದುರಿಸಿತು. ಕಟ್ಟಡ ಕೆಲಸಗಾರರ ಕ್ಷೇಮನಿಧಿಗಾಗಿ ಕಟ್ಟಡದ ವೆಚ್ಚದ ಮೇಲೆ ಕರ ವಿಧಿಸುವ ಕಾಯಿದೆಯನ್ನು ಸಂಸತ್ತು 1996ರಲ್ಲಿ ಮಾಡಿತು. ಆದರೆ ಹೆಸರು ನೋಂದಾಯಿಸಿದವನಿಗಷ್ಟೇ ನಿಧಿಯ ನೆರವು. ಒಂದು ಕಟ್ಟಡ ಮುಗಿದೊಡನೆ ಇನ್ನೊಂದರ ಬಳಿಗೆ ಬೀಡು ಬದಲಿಸುವವನಿಗೆ ನೋಂದಣಿಯೇ ಕಷ್ಟ. ಅವನ ಮಕ್ಕಳಿಗೆ ಶಾಲೆಯಲ್ಲಿ ನಿಲ್ಲುವುದೂ ಕಷ್ಟ.

ನಮ್ಮ ಲೆಕ್ಕದ ಕೆಲಸಗಾರನನ್ನು ಮತ್ತೆ ನೆನೆಯಿರಿ. ಅವನಿಗೆ ಕೊರತೆಯಾದದ್ದು ದುಡಿಯುವ ಮನಸ್ಸಲ್ಲ. ಹತ್ತು ದಿನದ ಕಾಯಿಲೆಯನ್ನು ತಾಳಿಕೊಳ್ಳುವಷ್ಟು ಆಸರೆ. ಉಚಿತ ಚಿಕಿತ್ಸೆ ದೊರೆತಿದ್ದರೆ ಸಾಲ ಅರ್ಧಕ್ಕೆ ಇಳಿಯುತ್ತಿತ್ತು; ಮಲಗಿದ ದಿನಗಳ ಕೂಲಿಯೂ ದೊರೆತಿದ್ದರೆ ಸಾಲವೇ ಬೇಕಿರಲಿಲ್ಲ. ಮಗನು ಶಾಲೆಯಲ್ಲಿಯೇ ಉಳಿಯುತ್ತಿದ್ದನು.