ಅಂಗಡಿ ಮುಚ್ಚಿ ನೌಕರಿ ಸೇರುವವರ ತೆರಿಗೆಯ ಲೆಕ್ಕ

ಅಕ್ಕಲಕೋಟೆ ತಾಲೂಕಿನಲ್ಲಿ ವಿದ್ಯುತ್ ಸಾಮಾನುಗಳ ಅಂಗಡಿಯನ್ನಿಟ್ಟಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಸೆಪ್ಟೆಂಬರ್ 30ರಂದು ಅದನ್ನು ಮುಚ್ಚಿ, ಮರುದಿನವೇ ಸೋಲಾಪುರದಲ್ಲಿ ನೌಕರಿಗೆ ಸೇರಿದನು. ಬೀಗ ಹಾಕಿದೊಡನೆ ವ್ಯಾಪಾರದ ಋಣವೂ ತೀರಿತೆಂದು ಅವನು ಭಾವಿಸಿದ್ದನು. ಕೆಲವು ತಿಂಗಳ ಮೇಲೆ ವಿಳಂಬ ಶುಲ್ಕದ ನೋಟೀಸು ಬಂದಿತು. ಅವನ ತಾಯಿ ಅದನ್ನು ಹಿಡಿದುಕೊಂಡು ಶಾಲೆಗೆ ಬಂದು, "ನನ್ನ ಮಗ ಏನ್ ತಪ್ಪು ಮಾಡ್ಯಾನ್ರೀ, ಸರ?" ಎಂದು ಕೇಳಿದರು. ಅವನು ಮೋಸವನ್ನೇನೂ ಮಾಡಿರಲಿಲ್ಲ. ಮಾಡಬೇಕಾದುದನ್ನು ಮಾಡದೆ ಬಿಟ್ಟಿದ್ದನು. ಆ ತಾಯಿಗೆ ಅಂದು ಹೇಳಿದುದನ್ನೇ ಇಲ್ಲಿ ಎಲ್ಲರಿಗಾಗಿ ಬರೆಯುತ್ತೇವೆ.

ಮೊದಲನೆಯದು, 2017ರ ಜುಲೈ 1ರಿಂದ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆ. ನೋಂದಣಿ ಇದ್ದವನು ವ್ಯಾಪಾರ ನಿಲ್ಲಿಸಿದ 30 ದಿನಗಳೊಳಗೆ ಅದರ ರದ್ದತಿಗೆ ಅರ್ಜಿ ಕೊಡಬೇಕು. ಕೊಡದಿದ್ದರೆ, ಒಂದು ಬಲ್ಬನ್ನೂ ಮಾರದಿದ್ದರೂ ಶೂನ್ಯದ ರಿಟರ್ನ್ ಸಲ್ಲಿಸುವ ಹೊಣೆ ಉಳಿಯುತ್ತದೆ. ನಮ್ಮ ವಿದ್ಯಾರ್ಥಿ ಎಡವಿದ್ದು ಇಲ್ಲಿಯೇ. ಉಳಿದ ದಾಸ್ತಾನಿನ ಮೇಲೆ ಹಿಂದೆ ಪಡೆದ ತೆರಿಗೆ ಜಮೆಯನ್ನು ಮರಳಿ ಕಟ್ಟಬೇಕು. ರದ್ದತಿಯ ದಿನಾಂಕ, ಆದೇಶದ ದಿನಾಂಕ, ಇವುಗಳಲ್ಲಿ ಯಾವುದು ತಡವೋ ಅಲ್ಲಿಂದ ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಸಲ್ಲಿಸಬೇಕು.

ಎರಡನೆಯದು ವೃತ್ತಿ ತೆರಿಗೆ. ಮಹಾರಾಷ್ಟ್ರದಲ್ಲಿ ಸ್ವಂತ ವ್ಯಾಪಾರಿಯು ತನ್ನ ಹೆಸರಿನಲ್ಲಿ ದಾಖಲಾಗಿ ವರ್ಷಕ್ಕೆ 2,500 ರೂಪಾಯಿ ಕಟ್ಟುತ್ತಾನೆ. ನೌಕರನ ತೆರಿಗೆಯನ್ನು ಮಾಲೀಕನೇ ಸಂಬಳದಿಂದ ಹಿಡಿದು ಕಟ್ಟುತ್ತಾನೆ. ಹಳೆಯ ದಾಖಲೆಯನ್ನು ರದ್ದುಪಡಿಸದಿದ್ದರೆ ಆ ಬೇಡಿಕೆ ನಿಲ್ಲುವುದಿಲ್ಲ.

ಮೂರನೆಯದು ಆದಾಯ ತೆರಿಗೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಅವಧಿ ಒಂದೇ ಲೆಕ್ಕ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯು ಇದನ್ನು 'ತೆರಿಗೆ ವರ್ಷ'ವೆಂದು ಕರೆಯುತ್ತದೆ. ಅಂಗಡಿಯ ಲಾಭ, ಸಂಬಳ ಎರಡನ್ನೂ ಒಂದೇ ರಿಟರ್ನಿನಲ್ಲಿ ತೋರಿಸಬೇಕು. ಸಂಬಳದಾರರ ಸರಳ ನಮೂನೆ ಆ ವರ್ಷಕ್ಕೆ ಸಲ್ಲದು.

ವಿದ್ಯಾರ್ಥಿಗಳು ಈ ಲೆಕ್ಕವನ್ನು ಬಿಡಿಸಿ ನೋಡಲಿ. ಆರು ತಿಂಗಳಲ್ಲಿ ಅಂಗಡಿಗೆ ನಗದಾಗಿ 10,00,000, ಬ್ಯಾಂಕಿನ ಮೂಲಕ 15,00,000 ರೂಪಾಯಿ ಬಂದಿದೆ ಎನ್ನೋಣ. ಸಣ್ಣ ವ್ಯಾಪಾರಿಗಳ ಅಂದಾಜು ಲಾಭದ ಪದ್ಧತಿಯಲ್ಲಿ ನಗದಿಗೆ ಶೇಕಡಾ 8ರಂತೆ 80,000, ಬ್ಯಾಂಕಿನ ಹಣಕ್ಕೆ ಶೇಕಡಾ 6ರಂತೆ 90,000, ಒಟ್ಟು ಲಾಭ 1,70,000. ಸಂಬಳ ತಿಂಗಳಿಗೆ 60,000ದಂತೆ 3,60,000. ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಿಂದ ಮಾತ್ರ ಕಳೆಯಬಹುದಾದ 75,000ವನ್ನು ಕಳೆದರೆ 2,85,000. ಎರಡೂ ಸೇರಿ 4,55,000. 2025ರ ಬಜೆಟ್ಟಿನಲ್ಲಿ ನಿಗದಿಯಾದಂತೆ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ಕಟ್ಟಬೇಕಾದ ತೆರಿಗೆ ಇಲ್ಲ. ಆದರೆ ಮೊತ್ತವು 4 ಲಕ್ಷವನ್ನು ಮೀರಿದುದರಿಂದ ರಿಟರ್ನ್ ಸಲ್ಲಿಸಲೇಬೇಕು.

ಆದಾಯ ಹೆಚ್ಚಿದ್ದವರು ಹೊಸ ಮಾಲೀಕನಿಗೆ ಅಂಗಡಿಯ ಲಾಭವನ್ನೂ ತಿಳಿಸಬಹುದು. ತಿಳಿಸದಿದ್ದರೆ ಅವನು ಸಂಬಳವನ್ನಷ್ಟೇ ಗಣಿಸಿ ತೆರಿಗೆ ಹಿಡಿಯುತ್ತಾನೆ. ಹಾಗೆ ಹಿಡಿದದ್ದು ಹೋಗಿ ಬಾಕಿ ತೆರಿಗೆ 10,000 ರೂಪಾಯಿ ಅಥವಾ ಹೆಚ್ಚಾದರೆ ಮುಂಗಡ ತೆರಿಗೆ ಕಟ್ಟಬೇಕು. ಅಂದಾಜು ಪದ್ಧತಿಯವರಿಗೆ ಅದರ ಕೊನೆಯ ದಿನ ಮಾರ್ಚ್ 15.

ಇನ್ನೆರಡು ಮಾತು. ಅಂಗಡಿಯಲ್ಲಿ ನಷ್ಟವಾಗಿದ್ದರೆ ಅದನ್ನು ಸಂಬಳದಿಂದ ಕಳೆಯಲು ಬರುವುದಿಲ್ಲ; ಸಕಾಲದಲ್ಲಿ ರಿಟರ್ನ್ ಸಲ್ಲಿಸಿದವನು ಎಂಟು ವರ್ಷಗಳವರೆಗೆ ಮುಂದಿನ ವ್ಯಾಪಾರದ ಲಾಭದಿಂದ ಕಳೆಯಬಹುದು. ಅಂಗಡಿ ಮುಚ್ಚಿತೆಂದು ಕಿರ್ದಿ, ಖಾತೆ, ಪಾವತಿಗಳನ್ನು ರದ್ದಿಗೆ ಹಾಕಬಾರದು. ಸರಕು ಮತ್ತು ಸೇವಾ ತೆರಿಗೆಯ ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು.

ಆ ತಾಯಿಯ ಮಗನು ಬಾಕಿ ರಿಟರ್ನುಗಳನ್ನು ಸಲ್ಲಿಸಿ, ಶುಲ್ಕ ಕಟ್ಟಿ, ನೋಂದಣಿಯನ್ನು ರದ್ದುಪಡಿಸಿಕೊಂಡನು. ಅವನ ಮೊದಲ ಸಂಬಳಗಳ ಒಂದು ಪಾಲು ಅದಕ್ಕೇ ವೆಚ್ಚವಾಯಿತು. ಮಕ್ಕಳೇ, ಮನೆಯಲ್ಲಿ ಹಿರಿಯರು ಕಸುಬು ಬದಲಿಸುವಾಗ ಈ ಪುಟವನ್ನು ಅವರಿಗೆ ಓದಿ ಹೇಳಿರಿ. ಶಾಲೆಯಲ್ಲಿ ಕಲಿತ ಅಕ್ಷರವೂ ಲೆಕ್ಕವೂ ಮನೆಗೆ ಒದಗಿದರೆ ಅಷ್ಟೇ ನಮಗೆ ಸಂತೋಷ.