ಹಿಮದ ಜಾರುಹಾದಿಯೂ ಆಟಗಾರನ ಪ್ರಾಣವೂ

ಸಾಹಸವಿಲ್ಲದ ಕ್ರೀಡೆ ಉಪ್ಪಿಲ್ಲದ ಊಟದಂತೆ ಎಂಬುದನ್ನು ನಾವೆಲ್ಲರೂ ಒಪ್ಪುತ್ತೇವೆ. ಆದರೆ ಸಾಹಸಕ್ಕೂ ಅಪಾಯಕ್ಕೂ ನಡುವಣ ಗೆರೆಯನ್ನು ಎಲ್ಲಿ ಎಳೆಯಬೇಕು, ಎಳೆಯತಕ್ಕವರು ಆಡುವವರೋ ಅಂಗಣವನ್ನು ಕಟ್ಟುವವರೋ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ಇದನ್ನು ವಿಚಾರಮಾಡಲು ನಾನು ಆರಿಸಿಕೊಂಡಿರುವುದು ಚಳಿಗಾಲದ ಒಲಿಂಪಿಕ್ಸಿನ ‘ಲೂಜ್’ ಎಂಬ ಆಟವನ್ನು. ಧನುರ್ಮಾಸದ ಬೆಳಗಿನ ಇಬ್ಬನಿಯ ಹೊರತು ಬೇರೆ ಹಿಮವನ್ನು ಕಾಣದ ಮಾರೇನಹಳ್ಳಿಯವರಿಗೆ ಈ ವಿಷಯವೇತಕ್ಕೆ ಎಂದು ವಾಚಕರು ಕೇಳಬಹುದು. ಆಟ ದೂರದ್ದಾದರೂ ಅದರ ಪಾಠ ನಮ್ಮ ಅಂಗಳದ್ದೇ ಎಂಬುದು ನನ್ನ ನಂಬಿಕೆ.

ಮೊದಲು ಆಟದ ಸ್ವರೂಪವನ್ನು ತಿಳಿಯೋಣ. ಬೆಟ್ಟದ ಇಳಿಜಾರಿನಲ್ಲಿ ಕಾಂಕ್ರೀಟಿನ ಕಾಲುವೆಯೊಂದನ್ನು ಕಟ್ಟಿ, ಅದರ ಮೇಲೆ ಮಂಜುಗಡ್ಡೆಯ ಪದರವನ್ನು ಬೆಳೆಸುತ್ತಾರೆ. ಆಟಗಾರನು ಚಿಕ್ಕದೊಂದು ಜಾರುಬಂಡಿಯ ಮೇಲೆ ಅಂಗಾತ ಮಲಗಿ, ಕಾಲು ಮುಂದಾಗಿ, ಈ ಕಾಲುವೆಯಲ್ಲಿ ಜಾರಿ ಬರುತ್ತಾನೆ. ಬಂಡಿಗೆ ಬ್ರೇಕು ಇಲ್ಲ. ಮೀನಖಂಡಗಳಿಂದ ಬಂಡಿಯ ತುದಿಯನ್ನು ಒತ್ತಿಯೂ ಭುಜವನ್ನು ವಾಲಿಸಿಯೂ ದಿಕ್ಕನ್ನು ತಿದ್ದಬೇಕು. ಈ ಆಟ ಒಲಿಂಪಿಕ್ಸನ್ನು ಸೇರಿದ್ದು 1964ರಲ್ಲಿ, ಆಸ್ಟ್ರಿಯದ ಇನ್ಸ್‌ಬ್ರುಕ್ ನಗರದಲ್ಲಿ. ಅದೇ ವರ್ಷದ ಅಭ್ಯಾಸದಲ್ಲಿಯೇ ಬ್ರಿಟನ್ನಿನ ಆಟಗಾರ ಕೇ-ಸ್ಕ್ರಿಪೆಟ್ಸ್ಕಿ ಅಸುನೀಗಿದನು. ಹೀಗೆ ಈ ಆಟದ ಚರಿತ್ರೆಯ ಮೊದಲ ಪುಟದಲ್ಲಿಯೇ ಸಾವಿನ ದಾಖಲೆಯಿದೆ.

ಇನ್ನು ವೇಗದ ವಿಚಾರ. ನಾನು ಕಲಾವಿಭಾಗದ ವಿದ್ಯಾರ್ಥಿಯಾದರೂ ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ ಇಲ್ಲಿಗೆ ಸಾಕು. 150 ಮೀಟರು ಎತ್ತರದಿಂದ ಯಾವ ಅಡ್ಡಿಯೂ ಇಲ್ಲದೆ ಇಳಿದ ವಸ್ತುವಿನ ವೇಗ ಸೆಕೆಂಡಿಗೆ ಸುಮಾರು 54 ಮೀಟರು, ಎಂದರೆ ಗಂಟೆಗೆ 195 ಕಿಲೋಮೀಟರು. ಗಾಳಿಯ ತಡೆಯೂ ಮಂಜಿನ ಘರ್ಷಣೆಯೂ ಇದನ್ನು ತಗ್ಗಿಸುತ್ತವೆ. ಕೆನಡಾ ದೇಶದ ವಿಸ್ಲರ್ ಎಂಬಲ್ಲಿ 2010ರ ಒಲಿಂಪಿಕ್ಸಿಗಾಗಿ ಕಟ್ಟಿದ ಜಾರುಹಾದಿಯ ಇಳಿತ ಸುಮಾರು ಇಷ್ಟೇ, ತಿರುವುಗಳು 16. ಅಲ್ಲಿ ಗಂಟೆಗೆ ಸುಮಾರು 137 ಕಿಲೋಮೀಟರು ವೇಗ ಬಂದೀತೆಂದು ಮೊದಲು ಲೆಕ್ಕಹಾಕಲಾಗಿತ್ತು. ಆದರೆ 2009ರಲ್ಲಿ ಜರ್ಮನಿಯ ಫೆಲಿಕ್ಸ್ ಲಾಖ್ ಅಲ್ಲಿ ತಲುಪಿದ ವೇಗ ಸುಮಾರು 154. ವ್ಯತ್ಯಾಸ ಹದಿನೇಳೇ ಅಲ್ಲವೇ ಎನ್ನಬಾರದು. ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ, ಆಟಗಾರನ ದೇಹ ಹೊತ್ತು ತರುವ ಶಕ್ತಿ ಎಣಿಕೆಗಿಂತ ಕಾಲುಭಾಗಕ್ಕೂ ಮಿಗಿಲಾಗಿ ಹೆಚ್ಚಿತು. ಈ ಸಂಗತಿ ಅಂತರರಾಷ್ಟ್ರೀಯ ಲೂಜ್ ಒಕ್ಕೂಟಕ್ಕೆ ತಿಳಿಯದೆ ಇರಲಿಲ್ಲ; ಮುಂದಿನ ಒಲಿಂಪಿಕ್ಸಿನ ಹಾದಿ ಇಷ್ಟು ವೇಗದ್ದಾಗಬಾರದೆಂದು ಅದು ಆಗಲೇ ಬಯಸಿತ್ತು.

2010ರ ಫೆಬ್ರವರಿ 12, ಕ್ರೀಡಾಕೂಟದ ಉದ್ಘಾಟನೆಯ ದಿನ. ಜಾರ್ಜಿಯ ದೇಶದ ನೋದಾರ್ ಕುಮಾರಿತಾಶ್ವಿಲಿ ಎಂಬ 21 ವರ್ಷದ ತರುಣ ಅಭ್ಯಾಸದಲ್ಲಿ ತೊಡಗಿದ್ದನು. ಕೊನೆಯ ತಿರುವಿನಲ್ಲಿ ಹಿಡಿತ ತಪ್ಪಿತು. ಗಂಟೆಗೆ ಸುಮಾರು 144 ಕಿಲೋಮೀಟರು ವೇಗದಲ್ಲಿದ್ದ ದೇಹ ಹಾದಿಯ ಗೋಡೆಯನ್ನು ದಾಟಿ, ಪಕ್ಕದಲ್ಲಿದ್ದ ಉಕ್ಕಿನ ಕಂಬಕ್ಕೆ ಅಪ್ಪಳಿಸಿತು. ಅದೇ ಸಂಜೆ ಅವನ ದೇಶದ ತಂಡ ತೋಳಿಗೆ ಕಪ್ಪುಪಟ್ಟಿ ಧರಿಸಿ ಮೆರವಣಿಗೆಯಲ್ಲಿ ನಡೆಯಿತು.

ಆಟಗಾರನು ಹದಿನೈದನೆಯ ತಿರುವಿನಿಂದ ತಡವಾಗಿ ಹೊರಬಂದು ಮುಂದಿನ ತಿರುವಿನಲ್ಲಿ ಅದನ್ನು ಸರಿಪಡಿಸಿಕೊಳ್ಳಲಿಲ್ಲ, ದೋಷ ಹಾದಿಯದಲ್ಲ ಎಂದು ಅಧಿಕಾರಿಗಳು ಹೇಳಿದರು. ಹಾಗೆ ಹೇಳಿಯೂ ರಾತ್ರೋರಾತ್ರಿ ತಿರುವಿನ ಕೊನೆಯ ಗೋಡೆಯನ್ನು ಎತ್ತರಿಸಿದರು, ಮಂಜಿನ ಮೈಕಟ್ಟನ್ನು ತಿದ್ದಿದರು. ಪುರುಷರ ಸ್ಪರ್ಧೆಯನ್ನು ಮಹಿಳೆಯರು ಹೊರಡುವ ತಗ್ಗಿನ ಸ್ಥಳದಿಂದ ಆರಂಭಿಸಿದರು. ಆಟಗಾರರ ಮನಸ್ಸಿನ ಸ್ಥಿತಿಯನ್ನು ಗಮನಿಸಿ ಹೀಗೆ ಮಾಡಿದೆವೆಂಬುದು ಅವರ ಸಮಾಧಾನ. ನನಗೆ ತೋರುವುದಿಷ್ಟು: ತಪ್ಪು ತರುಣನದೇ ಎಂದು ಒಪ್ಪಿಕೊಂಡರೂ, ತಪ್ಪಿಗೆ ತಕ್ಕ ಫಲ ಸೋಲೇ ಹೊರತು ಸಾವಲ್ಲ. ನಡೆಯುವವರು ಎಡವದೆ ಕುಳಿತವರು ಎಡವುವರೇ ಎಂಬ ಗಾದೆ ನಮ್ಮಲ್ಲಿದೆ. ಎಡವುವುದು ಖಂಡಿತವೆಂದ ಮೇಲೆ, ಎಡವಿದವನು ಎಲ್ಲಿಗೆ ಬೀಳುವನೆಂಬುದನ್ನು ಮೊದಲೇ ಯೋಚಿಸುವುದು ಕಟ್ಟುವವನ ಕರ್ತವ್ಯ.

ಇದನ್ನು ಇನ್ನೊಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಗಂಟೆಗೆ 144 ಕಿಲೋಮೀಟರು ಎಂದರೆ ಸೆಕೆಂಡಿಗೆ 40 ಮೀಟರು. ಈ ವೇಗದ ದೇಹ ಅರ್ಧ ಮೀಟರಿನಲ್ಲಿ ನಿಂತರೆ ಅದರ ಮೇಲೆ ಬೀಳುವ ಬಲ ದೇಹದ ತೂಕದ ಸುಮಾರು 160 ಪಟ್ಟು. ಅದೇ ದೇಹ ಗೋಡೆಗಳ ಒಳಗೇ ಉಳಿದು 20 ಮೀಟರು ಜಾರಿ ನಿಂತರೆ ಬಲ ನಾಲ್ಕು ಪಟ್ಟು ಮಾತ್ರ. ವೇಗ ಒಂದೇ, ದೇಹ ಒಂದೇ, ತಪ್ಪೂ ಒಂದೇ; ನಿಲ್ಲಲು ದೊರೆತ ದೂರವೊಂದೇ ಬೇರೆ. ಈ ದೂರವನ್ನು ಕೊಡುವವನು ಆಟಗಾರನಲ್ಲ, ಶಿಲ್ಪಿ.

ಒಕ್ಕೂಟ ಬಯಸಿದಂತೆ 2014ರ ರಷ್ಯದ ಸೋಚಿ ಕ್ರೀಡಾಕೂಟದ ಹಾದಿಯಲ್ಲಿ ಮೂರು ಕಡೆ ಏರುಗಳನ್ನು ಇಟ್ಟು ವೇಗವನ್ನು 135ರ ಆಸುಪಾಸಿಗೆ ತಗ್ಗಿಸಿದರು. ಏರಿನ ಈ ಉಪಾಯ ನಮಗೆ ಹೊಸದಲ್ಲ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕಂಬಳವೂ ಚಳಿಗಾಲದ ವೇಗದ ಕ್ರೀಡೆಯೇ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರು ದೂರವನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದರು. ಕೆಸರಿನಲ್ಲಿ ಹೀಗೆ ಧಾವಿಸುವ ಕೋಣಗಳನ್ನು ನಿಲ್ಲಿಸುವ ಬಗೆ ಹೇಗೆ? ಓಟದ ಕೊನೆಯಲ್ಲಿ ‘ಮಂಜೊಟ್ಟಿ’ ಎಂಬ ಏರು ಇದೆ. ಕೋಣಗಳೂ ಓಟಗಾರನೂ ಅದನ್ನೇರುತ್ತಲೇ ವೇಗ ಕಳೆದುಕೊಳ್ಳುತ್ತಾರೆ. ಕರಾವಳಿಯ ರೈತ ಕಂಡುಕೊಂಡದ್ದೂ ಸೋಚಿಯ ಶಿಲ್ಪಿ ಅಳವಡಿಸಿದ್ದೂ ಒಂದೇ ತತ್ತ್ವ.

ಇನ್ನೊಂದು ಅಂಶವೂ ವಿಚಾರಾರ್ಹ. ಜಾರುಹಾದಿಗಳಿರುವುದು ಕೆಲವೇ ದೇಶಗಳಲ್ಲಿ. ವಿಸ್ಲರಿನಲ್ಲಿ ಪರದೇಶದವರಿಗೆ ಅಭ್ಯಾಸದ ಅವಕಾಶ ಸಾಲದಾಯಿತೆಂಬ ದೂರು ಮೊದಲಿನಿಂದಲೂ ಇತ್ತು. ನಮ್ಮ ಭಾರತದ ಶಿವ ಕೇಶವನ್ 1998ರಿಂದ 2018ರವರೆಗೆ ಆರು ಚಳಿಗಾಲದ ಒಲಿಂಪಿಕ್ಸುಗಳಲ್ಲಿ ಲೂಜ್ ಆಡಿದವರು, ವಿಸ್ಲರಿನಲ್ಲಿಯೂ ಸ್ಪರ್ಧಿಸಿದರು. ದೇಶದಲ್ಲಿ ಹಾದಿಯಿಲ್ಲದ ಕಾರಣ ಬಂಡಿಗೆ ಚಕ್ರ ಕಟ್ಟಿಕೊಂಡು ಹಿಮಾಲಯದ ರಸ್ತೆಗಳಲ್ಲಿ ವಾಹನಗಳ ನಡುವೆ ಅಭ್ಯಾಸಮಾಡಿದರು. ಅವರ ಕೆಚ್ಚನ್ನು ಮೆಚ್ಚಬೇಕಾದುದೇ. ಆದರೆ ಬಡ ನಾಡಿನ ಆಟಗಾರನಿಗೆ ಅಭ್ಯಾಸ ಕಡಿಮೆ, ಅಪಾಯ ಮಾತ್ರ ಸಮಪಾಲು ಎಂಬುದು ನ್ಯಾಯವೆನಿಸದು. ಹಾದಿಯನ್ನು ಅತ್ಯಂತ ನುರಿತವನ ಅಳತೆಗಷ್ಟೇ ಕಟ್ಟಿದರೆ ಸಾಲದು. ಅಲ್ಲಿಗೆ ಬರಲು ಅರ್ಹತೆ ಪಡೆದವರೆಲ್ಲರ ಅಳತೆಗೂ ಕಟ್ಟಬೇಕು.

ನಮ್ಮ ಮೈದಾನಗಳತ್ತ ನೋಡೋಣ. ಉದ್ದ ಜಿಗಿತದ ಗುಂಡಿಗೆ ಮರಳು ತುಂಬುವುದು, ಕ್ರಿಕೆಟ್ಟಿನ ಗಡಿಯ ಹಗ್ಗವನ್ನು ಬೇಲಿಯಿಂದ ಒಳಗೆ ಎಳೆಯುವುದು, ಓಟದ ಗುರಿಯಾಚೆ ಒಂದಿಷ್ಟು ಬಯಲು ಬಿಡುವುದು ಇವೆಲ್ಲ ಬೀಳುವವನಿಗೂ ನಿಲ್ಲಲಾರದವನಿಗೂ ನಾವು ತೋರುವ ಕರುಣೆ. ಮರಳು ಗಟ್ಟಿಯಾದಾಗ ಅಗೆಯದೆ ಬಿಟ್ಟು, ಕಾಲು ಉಳುಕಿದವನನ್ನು ‘ಜಿಗಿಯಲು ಬಾರದವನು’ ಎಂದು ಹೀಗಳೆಯುವ ಬುದ್ಧಿಗೂ, ಉಕ್ಕಿನ ಕಂಬವನ್ನು ಬರಿದೆ ಬಿಟ್ಟು ತಪ್ಪು ಸತ್ತವನದೆನ್ನುವ ಬುದ್ಧಿಗೂ ಅಂತರವಿರುವುದು ಪ್ರಮಾಣದಲ್ಲಿ ಮಾತ್ರ. ಮುಂದೆ ನಮ್ಮಲ್ಲಿ ಹಲವರು ಶಾಲೆಗಳಲ್ಲಿ ಉಪಾಧ್ಯಾಯರಾಗಬಹುದು, ಕಚೇರಿಗಳಲ್ಲಿ ಕುಳಿತು ಮೈದಾನಕ್ಕೂ ರಸ್ತೆಗೂ ಮಂಜೂರಾತಿ ನೀಡಬಹುದು. ಆಗ ಧೈರ್ಯವನ್ನು ಆಟಗಾರನಿಂದ ಬೇಡುವ ಮುನ್ನ ಎಚ್ಚರವನ್ನು ನಮ್ಮಿಂದ ನಾವೇ ಬೇಡಿಕೊಳ್ಳುವುದು ಒಳಿತು.